ದೀಪಾವಳಿಗೆ ಹುಬ್ಬಳ್ಳಿ ಪೇಟೆ: ಏನು, ಎಲ್ಲಿ, ಯಾವತ್ತು ಕೊಳ್ಳಬೇಕು

ದೀಪಾವಳಿ ಮುಂದೆ ಹುಬ್ಬಳ್ಳಿಯ ದುರ್ಗದ ಬೈಲಿಗೆ ಬಂದು ಸೋತು ಮನೆಗೆ ಹೋಗುವವರು ಮಾಡುವ ತಪ್ಪು ಬಹುತೇಕ ಒಂದೇ. ಬಟ್ಟೆ, ಪಣತಿ, ಆಕಾಶಬುಟ್ಟಿ, ಹೂ, ಕಬ್ಬು, ಸಿಹಿ ಎಲ್ಲವನ್ನೂ ಒಂದೇ ದಿನ, ಒಂದೇ ಸುತ್ತಿನಲ್ಲಿ ಮುಗಿಸಲು ಹೋಗುತ್ತಾರೆ. ಆದರೆ ಬಟ್ಟೆಗೆ ಬೇಗ ಬಂದಷ್ಟೂ ಲಾಭ, ಹೂವಿಗೆ ತಡವಾಗಿ ಬಂದಷ್ಟೂ ಲಾಭ. ಎರಡನ್ನೂ ಒಂದೇ ದಿನ ಕೊಂಡರೆ ಒಂದರಲ್ಲಿ ಆರಿಸಲು ಏನೂ ಉಳಿದಿರುವುದಿಲ್ಲ, ಇನ್ನೊಂದು ಹಬ್ಬದ ಹೊತ್ತಿಗೆ ಬಾಡಿರುತ್ತದೆ. ಹಾಗಾಗಿ ಎರಡು ಸುತ್ತು ಮಾಡಿ. ಹಬ್ಬಕ್ಕೆ ಎಂಟು ಹತ್ತು ದಿನ ಇರುವಾಗ ಕೆಡದ ಸಾಮಾನಿಗೆ ಒಂದು, ನೀರು ತುಂಬುವ ದಿನ ಅಥವಾ ಅದರ ಮರುದಿನ ಹೂವು ಹಣ್ಣಿಗೆ ಇನ್ನೊಂದು. ಗದಗ, ಹಾವೇರಿ ಕಡೆಯವರು ಎರಡನೇ ಸುತ್ತನ್ನು ತಮ್ಮೂರಿನ ಸಂತೆಯಲ್ಲೇ ಮಾಡಿಕೊಳ್ಳುವುದು ಒಳ್ಳೆಯದು. ಬಾಳೆಕಂಬ ಹೊತ್ತುಕೊಂಡು ಹಬ್ಬದ ಬಸ್ಸು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮನೆಯಿಂದ ಹೊರಡುವ ಮುಂಚೆ ಅಳತೆ

ಪೇಟೆಗೆ ಬಂದ ಮೇಲೆ ನೆನಪಾಗದ ನಾಲ್ಕು ಸಂಗತಿಗಳನ್ನು ಮನೆಯಲ್ಲೇ ಅಳೆದು ಚೀಟಿಯಲ್ಲಿ ಬರೆದುಕೊಳ್ಳಿ.

ಮೊದಲನೆಯದು ಬಾಗಿಲು. ಮೂರು ಅಡಿ ಅಗಲ, ಏಳು ಅಡಿ ಎತ್ತರದ ಬಾಗಿಲಿಗೆ ಎರಡೂ ಬದಿ ಇಳಿಬಿಡುವ ಚೆಂಡು ಹೂವಿನ ಮಾಲೆ 17 ಅಡಿ ಬೇಕು. ಒಂದು ಮಾರು ಅಂದರೆ ದೊಡ್ಡವರು ಎರಡೂ ಕೈ ಚಾಚಿದಷ್ಟು, ಸುಮಾರು ಐದೂವರೆಯಿಂದ ಆರು ಅಡಿ. ಅಂದರೆ ಮೂರು ಮಾರು ಮಾಲೆ. ಬಿಡಿ ಹೂ ಕೊಂಡು ಮನೆಯಲ್ಲೇ ಪೋಣಿಸುವುದಾದರೆ ಹೂವಿನ ಗಾತ್ರ ನೋಡಿ ಒಂದು ಕಿಲೋಗೆ ಎರಡರಿಂದ ಮೂರು ಮಾರು ಲೆಕ್ಕ ಹಿಡಿಯಬಹುದು.

ಎರಡನೆಯದು ಆಕಾಶಬುಟ್ಟಿಯ ವೈರು. ಬುಟ್ಟಿ ತೂಗುವ ಮೊಳೆಯಿಂದ ಪ್ಲಗ್ಗಿನವರೆಗೆ ದಾರ ಹಿಡಿದು ಅಳೆಯಿರಿ, ಗೋಡೆಯ ತಿರುವುಗಳನ್ನೂ ಸೇರಿಸಿ. ನೇರ ಅಂತರ ನೋಡಿ ವೈರು ತಂದವರು ಆಮೇಲೆ ನಡುವೆ ತುಂಡು ಜೋಡಿಸಿ ಟೇಪು ಸುತ್ತುತ್ತಾರೆ. ಮಳೆ ಹನಿಸಿದರೆ ಮೊದಲು ಕೆಡುವುದೇ ಆ ಜೋಡಣೆ. ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರದಲ್ಲಿ ನಮ್ಮ ಕಡೆ ಹಿಂಗಾರಿ ಮಳೆ ಬರುವುದು ಹೊಸದೇನಲ್ಲ.

ಮೂರನೆಯದು ಪಣತಿಗಳ ಸಂಖ್ಯೆ. ಹೊಸ್ತಿಲು, ತುಳಸಿ, ಬಾವಿ ಅಥವಾ ನೀರಿನ ಟಾಕಿ, ದನದ ಕೊಟ್ಟಿಗೆ, ಕಾಂಪೌಂಡು, ಮೆಟ್ಟಿಲು ಎಂದು ಎಣಿಸಿ. ಬಂದ ಮೊತ್ತಕ್ಕೆ ಹತ್ತಕ್ಕೆ ಒಂದರಂತೆ ಹೆಚ್ಚಿಗೆ ಸೇರಿಸಿ, ದಾರಿಯಲ್ಲಿ ಅಷ್ಟು ಒಡೆಯುತ್ತವೆ. ಕಳೆದ ವರ್ಷದವು ಅಟ್ಟದ ಮೇಲೆ ಎಷ್ಟಿವೆ ಎಂದೂ ನೋಡಿ. ಜಿಡ್ಡು ಹಿಡಿದ ಹಳೆ ಪಣತಿಗಳನ್ನು ಬಿಸಿನೀರಿಗೆ ಒಂದು ಹಿಡಿ ಸೋಡಾ ಪುಡಿ ಹಾಕಿ ರಾತ್ರಿಯಿಡೀ ನೆನೆಸಿ ಉಜ್ಜಿದರೆ ಬಹಳಷ್ಟು ಮತ್ತೆ ಬಳಕೆಗೆ ಬರುತ್ತವೆ.

ನಾಲ್ಕನೆಯದು ಬಟ್ಟೆ. ಮಕ್ಕಳ ವಯಸ್ಸು ಹೇಳಿ ಅಂಗಿ ಕೇಳಬೇಡಿ. ಈಗ ಸರಿಯಾಗಿ ಕೂರುವ ಒಂದು ಹಳೆ ಅಂಗಿ, ಒಂದು ಚಡ್ಡಿ ಚೀಲದಲ್ಲಿ ಇಟ್ಟುಕೊಂಡು ಬನ್ನಿ. ಹಬ್ಬದ ಗದ್ದಲದಲ್ಲಿ ಹಾಕಿ ನೋಡುವ ಕೋಣೆಗೆ ಸರದಿ ನಿಲ್ಲುವುದು ತಪ್ಪುತ್ತದೆ, ಮಗುವನ್ನು ಕರೆತರುವುದೂ ತಪ್ಪುತ್ತದೆ.

ಚೀಲಗಳು ಮೂರು ಇರಲಿ: ಬಟ್ಟೆಗೆ ಜಿಪ್ ಇರುವುದು, ಪಣತಿಗೆ ತಳ ಗಟ್ಟಿಯಿರುವ ಬುಟ್ಟಿ ಅಥವಾ ರಟ್ಟಿನ ಪೆಟ್ಟಿಗೆ, ಉಳಿದದ್ದಕ್ಕೆ ಅರಿವೆ ಚೀಲ. ಹತ್ತು, ಇಪ್ಪತ್ತು, ಐವತ್ತರ ನೋಟುಗಳಲ್ಲಿ ಒಂದು ಸಾವಿರದಷ್ಟು ಕೈಯಲ್ಲಿರಲಿ. ಪಣತಿ ಮಾರುವ ಅಜ್ಜಿಯ ಹತ್ತಿರವೂ ಈಗ ಸ್ಕ್ಯಾನರ್ ಇದೆ, ನಿಜ. ಆದರೆ ಸಂಜೆ ಆರರ ಮೇಲೆ ಸಾವಿರಾರು ಫೋನು ಒಂದೇ ಕಡೆ ಸೇರಿದಾಗ ನೆಟ್‌ವರ್ಕ್ ತೆವಳುತ್ತದೆ. ದುಡ್ಡು ಹೋಯಿತೋ ಇಲ್ಲವೋ ಎಂದು ಇಬ್ಬರೂ ಫೋನು ನೋಡುತ್ತ ನಿಲ್ಲುವ ಹೊತ್ತಿನಲ್ಲೇ ಜೇಬಿಗೆ ಕೈ ಬೀಳುವುದು.

ಯಾವ ದಿನ, ಯಾವ ಹೊತ್ತು

ಮೊದಲ ಸುತ್ತಿಗೆ ಮಂಗಳವಾರದಿಂದ ಗುರುವಾರದೊಳಗೆ ಒಂದು ದಿನ ಆರಿಸಿ. ಅಂಗಡಿಗಳು ಬಾಗಿಲು ತೆಗೆಯುವ ಹೊತ್ತಿಗೆ, ಅಂದರೆ ಹತ್ತೂವರೆಗೆ, ಪೇಟೆಯೊಳಗಿರಬೇಕು. ಮಧ್ಯಾಹ್ನ ಒಂದೂವರೆಯ ತನಕ ಸಿಗುವ ಸಮಾಧಾನ ಆಮೇಲೆ ಸಿಗದು. ಸಂಜೆ ಐದರಿಂದ ಒಂಬತ್ತು ಜನಜಾತ್ರೆ. ಹಬ್ಬದ ಹಿಂದಿನ ಭಾನುವಾರವಂತೂ ಬರಲೇಬೇಡಿ. ದೀಪದ ಸೊಬಗು ನೋಡಬೇಕು, ಗಿರ್ಮಿಟ್ ತಿನ್ನಬೇಕು ಎಂದಿದ್ದರೆ ಕೊಳ್ಳುವ ಯೋಚನೆ ಬಿಟ್ಟು ಖಾಲಿ ಕೈಯಲ್ಲಿ ಒಂದು ಸಂಜೆ ಬನ್ನಿ. ಅದೇ ಬೇರೆ ಸುಖ.

ಬೆಳಿಗ್ಗೆ ಬರಲು ಇನ್ನೊಂದು ಕಾರಣ ಬೋಣಿ. ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಲು ವ್ಯಾಪಾರಸ್ಥರಿಗೆ ಮನಸ್ಸು ಒಪ್ಪುವುದಿಲ್ಲ. ಹಾಗೆಂದು ಬೋಣಿ ಹೊತ್ತಿನಲ್ಲಿ ಎಲ್ಲಾ ಕೆದರಿಸಿ, ಕೊಳ್ಳದೆ ಎದ್ದು ಬರಬಾರದು, ಅದು ಪೇಟೆಯ ಮರ್ಯಾದೆ.

ಬರುವುದು ಹೇಗೆ

ಕಾರು ತರಬೇಡಿ. ದುರ್ಗದ ಬೈಲಿನ ಸುತ್ತಲಿನ ಗಲ್ಲಿಗಳು ಹಳೆ ಕಾಲದವು, ಇಕ್ಕಟ್ಟು, ಹಬ್ಬದ ದಿನಗಳಲ್ಲಿ ಅರ್ಧ ರಸ್ತೆ ಗಾಡಿಗಳಿಗೆ, ಇನ್ನರ್ಧ ಜನರಿಗೆ. ಧಾರವಾಡದವರಿಗೆ ಚಿಗರಿ ಬಸ್ಸಿನಷ್ಟು ಸಲೀಸು ಬೇರಿಲ್ಲ. ತನ್ನದೇ ಪಥದಲ್ಲಿ ಓಡುವುದರಿಂದ ಹಬ್ಬದ ಟ್ರಾಫಿಕ್ ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಗದಗ, ಹಾವೇರಿಯವರು ರೈಲು ನೋಡಿಕೊಳ್ಳಿ. ನಿಲ್ದಾಣದಿಂದ ಪೇಟೆಗೆ ನಡೆದರೆ ಇಪ್ಪತ್ತು ನಿಮಿಷ, ಹೋಗುವಾಗ ನಡೆಯಿರಿ, ಬರುವಾಗ ಸಾಮಾನಿದ್ದರೆ ಆಟೊ ಮಾಡಿ. ಹುಬ್ಬಳ್ಳಿ ನಿಲ್ದಾಣದಲ್ಲಿ ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್ ಇದೆ, 1,507 ಮೀಟರ್. ಹೆಮ್ಮೆಯ ಮಾತೇ ಸರಿ, ಆದರೆ ಎರಡೂ ಕೈಯಲ್ಲಿ ಚೀಲ ಹಿಡಿದವರಿಗೆ ಅದು ಒಂದೂವರೆ ಕಿಲೋಮೀಟರ್! ಗಾಡಿ ಎಲ್ಲಿ ನಿಲ್ಲುತ್ತದೆ, ಯಾವ ಡಬ್ಬಿ ಎಲ್ಲಿ ಬರುತ್ತದೆ ಎಂದು ವಿಚಾರಿಸಿಕೊಂಡು ಹದಿನೈದು ನಿಮಿಷ ಮುಂಚೆಯೇ ಅಲ್ಲಿರಿ.

ಶೌಚಾಲಯಕ್ಕೆ ನಿಲ್ದಾಣದಲ್ಲೇ ಹೋಗಿ ಬನ್ನಿ. ಪೇಟೆಯೊಳಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಅದೊಂದು ದೊಡ್ಡ ತಾಪತ್ರಯ.

ಮೊದಲ ಸುತ್ತು: ಬಟ್ಟೆ ಮೊದಲು, ಪಣತಿ ಕೊನೆಗೆ

ಹಗುರವಾದದ್ದು, ಒಡೆಯದ್ದು ಮೊದಲು. ಭಾರವಾದದ್ದು, ಒಡೆಯುವುದು ಕೊನೆಗೆ. ಈ ಕ್ರಮ ತಪ್ಪಿದರೆ ಪಣತಿಯ ಬುಟ್ಟಿ ಹಿಡಿದುಕೊಂಡು ಸೀರೆ ಅಂಗಡಿಯ ಗಾದಿಯ ಮೇಲೆ ಕೂರಬೇಕಾಗುತ್ತದೆ.

ಬಟ್ಟೆಗೆ ಕೊಪ್ಪಿಕರ್ ರಸ್ತೆಯ ದೊಡ್ಡ ಮಳಿಗೆಗಳಿವೆ, ಬ್ರಾಡ್‌ವೇ ಇದೆ, ಹಳೆ ಪದ್ಧತಿಯ ಗಾದಿ ಅಂಗಡಿಗಳ ಜವಳಿ ಸಾಲು ಇದೆ, ಅಗ್ಗದ ದಿನಬಳಕೆಯ ಬಟ್ಟೆಗೆ ಶಾ ಬಜಾರ್ ಇದೆ. ದೊಡ್ಡ ಮಳಿಗೆಯಲ್ಲಿ ಚೌಕಾಸಿ ಇಲ್ಲ, ಆದರೆ ಬಿಲ್ಲು ಇದ್ದರೆ ಬದಲಿ ಸಿಗುತ್ತದೆ. ಎಷ್ಟು ದಿನದೊಳಗೆ ಎಂದು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ರಸ್ತೆ ಬದಿಯ ಗಾಡಿಯಲ್ಲಿ ಚೌಕಾಸಿ ಉಂಟು, ಬದಲಿ ಇಲ್ಲ. ಅಲ್ಲಿ ಹೊಲಿಗೆ, ಗುಂಡಿ, ಜಿಪ್ ಮೂರನ್ನೂ ನಿಂತಲ್ಲೇ ಎಳೆದು ನೋಡಿ.

ಸೀರೆಗೆ ಕುಪ್ಪಸದ ಖಣ ಹೊಂದಿಸುವವರು ಅಂಗಡಿಯ ದೀಪ ನಂಬಬೇಡಿ. ಬಿಳಿ ಎಲ್‌ಇಡಿ ಬೆಳಕಿನಲ್ಲಿ ಮೆಂತ್ಯ ಬಣ್ಣವೂ ಸಾಸಿವೆ ಬಣ್ಣವೂ ಒಂದೇ ಕಾಣುತ್ತವೆ. ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದು ನೋಡಿ. ಅಂಗಡಿಯವರು ಬೇಡ ಅನ್ನುವುದಿಲ್ಲ, ಹುಡುಗನೊಬ್ಬನನ್ನು ಜೊತೆಗೆ ಕಳಿಸುತ್ತಾರೆ ಅಷ್ಟೆ.

ಇಳಕಲ್ ಸೀರೆ ಕೊಳ್ಳುವುದಾದರೆ ಒಂದು ನಿಮಿಷ ಹೆಚ್ಚು ಕೊಡಿ. ಕೈಮಗ್ಗದ ಇಳಕಲ್ಲಿನಲ್ಲಿ ಸೆರಗಿನ ಹಾಸು ಬೇರೆ, ಮೈಯ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸಿರುತ್ತಾರೆ. ಸೆರಗು ಮೈಗೆ ಕೂಡುವ ಗೆರೆಯನ್ನು ತಿರುಗಿಸಿ ಹಿಂಬದಿಯಿಂದ ಬೆರಳಾಡಿಸಿ. ಸಣ್ಣ ಸಣ್ಣ ಕೊಂಡಿಗಳ ಸಾಲು ಉಗುರಿಗೆ ಸಿಗುತ್ತದೆ. ಗೆರೆ ನುಣ್ಣಗಿದ್ದು, ಮೈಯ ಎಳೆಯೇ ಸೆರಗಿನವರೆಗೂ ಓಡಿದ್ದರೆ ಅದು ಆ ಪದ್ಧತಿಯ ನೇಯ್ಗೆಯಲ್ಲ. ಕೊಳ್ಳಬಾರದೆಂದಲ್ಲ, ಕೈಮಗ್ಗದ ಬೆಲೆ ಕೊಡಬಾರದು. ಗದಗಿನವರು ಇಷ್ಟಕ್ಕಾಗಿ ಹುಬ್ಬಳ್ಳಿಗೆ ಬರುವುದೂ ಬೇಡ, ಬೆಟಗೇರಿಯಲ್ಲಿ ನೇಕಾರರ ಮನೆಗಳೇ ಇವೆ.

ಹಿತ್ತಾಳೆ, ತಾಮ್ರಕ್ಕೆ ಕಂಚಗಾರ ಗಲ್ಲಿ. ಸಮೆ (ದೀಪದ ಕಂಬ), ಆರತಿ ತಟ್ಟೆ, ತಂಬಿಗೆ ತೂಕದ ಮೇಲೆ ಮಾರುತ್ತಾರೆ. ಸಮೆಯನ್ನು ಕೈಯಲ್ಲಿ ತೂಗಿ ನೋಡಿ. ಬುಡ ಅನುಮಾನ ಬರುವಷ್ಟು ಭಾರವಾಗಿದ್ದರೆ ತಿರುಗಿಸಿ ನೋಡಿ, ಒಳಗೆ ಬೇರೇನಾದರೂ ತುಂಬಿದ್ದರೆ ಹಿತ್ತಾಳೆ ಬೆಲೆಗೆ ಅದನ್ನೂ ಕೊಂಡಂತಾಗುತ್ತದೆ. ಬಂಗಾರದ ಮಾತು ಚಿಕ್ಕದು: ಒಡವೆಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಶುದ್ಧತೆಯ ಅಂಕಿ, ಆ ಒಡವೆಗಷ್ಟೇ ಸೇರಿದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಮೂರೂ ಇರಬೇಕು. ಆ ಎಚ್‌ಯುಐಡಿಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ಅಂಗಡಿಯಲ್ಲಿ ಕುಳಿತೇ ತಾಳೆ ನೋಡಿ.

ಆಕಾಶಬುಟ್ಟಿ ಕೊಳ್ಳುವಾಗ ಚೆಂದಕ್ಕಿಂತ ಮುಂಚೆ ಬಾಯಿ ನೋಡಿ, ಅಂದರೆ ಬಲ್ಬು ಇಳಿಬಿಡುವ ರಂಧ್ರ. ಬಲ್ಬು ಹಾಳೆಗೆ ತಾಗದಂತೆ ಸುತ್ತ ನಾಲ್ಕು ಬೆರಳು ಜಾಗ ಇರಬೇಕು. ಹಳೆಯ 60 ವ್ಯಾಟಿನ ಬುರುಡೆ ಬಲ್ಬು ಹಾಕಿದರೆ ಬಣ್ಣದ ಹಾಳೆ ಮೊದಲು ಕಂದುತ್ತದೆ, ಆಮೇಲೆ ಹೊಗೆಯಾಡುತ್ತದೆ. 7 ಅಥವಾ 9 ವ್ಯಾಟಿನ ಎಲ್‌ಇಡಿ ಸಾಕು. ಹಾಳೆಯದು ಅಗ್ಗ, ಮಳೆಗೆ ಒಂದೇ ರಾತ್ರಿ. ಬಟ್ಟೆಯದು ಮಡಚಿಟ್ಟರೆ ನಾಲ್ಕು ವರ್ಷ ಬಂದೀತು. ಗೌರಿ ಹುಣ್ಣಿಮೆಯವರೆಗೆ ತೂಗುಹಾಕುವ ಮನೆಗಳಿಗೆ ಬಟ್ಟೆಯದೇ ಸರಿ.

ದೀಪದ ಸರವನ್ನು ಸುತ್ತಿದಂತೆಯೇ ಹೊತ್ತಿಸಿ ತೋರಿಸಿದರೆ ಒಪ್ಪಬೇಡಿ. ಪೂರ್ತಿ ಬಿಚ್ಚಿಸಿ, ಐದು ನಿಮಿಷ ಉರಿಯಲು ಬಿಟ್ಟು, ಪ್ಲಗ್ಗಿನ ಬುಡವನ್ನು ಒಮ್ಮೆ ಅಲುಗಿಸಿ. ಮಿಣುಕಿದರೆ ಬೇರೆ ಕೊಡಿ ಎನ್ನಿ.

ಇನ್ನು ಪಣತಿ. ಮಣ್ಣಿನ ಪಣತಿಯನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಠಣ್ ಎನ್ನಬೇಕು. ಬದ್ ಎಂಬ ಮಂದ ಸದ್ದು ಬಂದರೆ ಎಲ್ಲೋ ಸೀಳಿದೆ, ಅಥವಾ ಸುಡುವಾಗ ಹಸಿ ಉಳಿದಿದೆ. ಸೀಳಿದ್ದು ಎಣ್ಣೆ ಸೋರಿಸಿ ನೆಲ ಕರೆ ಮಾಡುತ್ತದೆ. ಸಪಾಟಾದ ಹಲಗೆಯ ಮೇಲೆ ಇಟ್ಟು ನೋಡಿ, ಓಲಾಡಬಾರದು. ಬತ್ತಿ ಇಡುವ ಮೂತಿ ಅಂಚಿಗಿಂತ ತುಸು ಎತ್ತರ ಇರಬೇಕು, ತಗ್ಗಿದ್ದರೆ ಬತ್ತಿಯ ಗುಂಟ ಎಣ್ಣೆ ಹೊರಗೆ ಇಳಿಯುತ್ತದೆ. ಬಣ್ಣ ಬಳಿದ, ಮಿಂಚು ಹಚ್ಚಿದವು ನೋಡಲು ಚೆಂದ, ಆದರೆ ಮೂತಿಯವರೆಗೂ ಬಣ್ಣವಿದ್ದರೆ ಅದು ಸುಟ್ಟು ವಾಸನೆ ಬರುತ್ತದೆ.

ಬೆಲೆ ಡಜನ್ನಿನ ಲೆಕ್ಕ. ಮಾತು ಹೀಗೆ ಸಾಗಿದರೆ ಇಬ್ಬರಿಗೂ ಬೇಸರವಿಲ್ಲ:

"ಕಡೀ ರೇಟ್ ಹೇಳ್ರಿ ಕಾಕಾ, ಆರು ಡಜನ್ ಒಯ್ತೀನಿ."

"ಬೋಣಿ ವ್ಯಾಳ್ಯಾ ಐತ್ರಿ ಅಕ್ಕಾರ, ನೀವ ಒಂದ್ ಮಾತ ಹೇಳ್ರಿ."

ಕುಂಬಾರರ ಹತ್ತಿರ ಡಜನ್ನಿಗೆ ಐದು ರೂಪಾಯಿ ಇಳಿಸಲು ಹತ್ತು ನಿಮಿಷ ಕಾಡುವುದಕ್ಕಿಂತ, ಹೇಳಿದ ಬೆಲೆಗೇ ಒಂದೆರಡು ಪಣತಿ ಹೆಚ್ಚಿಗೆ ಕೇಳುವುದು ಮೇಲು. ಒಡೆಯುವ ಲೆಕ್ಕ ಅಲ್ಲಿಯೇ ಸರಿಹೋಗುತ್ತದೆ. ಪೆಟ್ಟಿಗೆಯಲ್ಲಿ ಒಂದರೊಳಗೊಂದು ಕೂರಿಸಿ, ಆರಕ್ಕೊಂದು ಸಲ ಹಳೆ ಪೇಪರು ಮಡಚಿ ಇಟ್ಟು, ಅಡ್ಡ ಮಲಗಿಸಿ ತುಂಬಿ. ನೇರ ಗೋಪುರದಂತೆ ಪೇರಿಸಿದರೆ ರಸ್ತೆಯ ಉಬ್ಬಿಗೆ ಬಸ್ಸು ಒಮ್ಮೆ ಎಗರಿದರೆ ತಳದವು ಹೋಗುತ್ತವೆ.

ಮನೆಗೆ ತಂದ ಮೇಲೆ ಎರಡು ಮೂರು ತಾಸು ನೀರಿನಲ್ಲಿ ಮುಳುಗಿಸಿ, ನೆರಳಲ್ಲಿ ಆರಿಸಿ. ಹಾಗೆ ಮಾಡದಿದ್ದರೆ ಹೊಸ ಮಣ್ಣು ಮೊದಲ ದಿನ ಹಾಕಿದ ಎಣ್ಣೆಯನ್ನು ತಾನೇ ಕುಡಿದುಬಿಡುತ್ತದೆ. ಎರಡು ಟೀ ಚಮಚ, ಅಂದರೆ 10 ಮಿಲಿ ಎಣ್ಣೆ ಹಿಡಿಯುವ ಪಣತಿ ಸಣ್ಣ ಬತ್ತಿಗೆ ಒಂದೂವರೆ ಎರಡು ತಾಸು ಉರಿಯುತ್ತದೆ. ಮೂವತ್ತು ಪಣತಿಗೆ ದಿನಕ್ಕೆ 300 ಮಿಲಿ, ಮೂರು ದಿನಕ್ಕೆ ಹತ್ತಿರ ಹತ್ತಿರ ಒಂದು ಲೀಟರ್. ಈ ಲೆಕ್ಕ ಹಾಕಿಯೇ ಎಣ್ಣೆ ತನ್ನಿ.

ಪಟಾಕಿ ಮತ್ತು ರೈಲು

ಪಟಾಕಿಯನ್ನು ಬಜಾರಿನ ಗಲ್ಲಿಯಲ್ಲಿ ಹುಡುಕಬೇಡಿ. ಪರವಾನಗಿ ಪಡೆದ ಅಂಗಡಿಗಳು ಬಯಲು ಮೈದಾನಗಳಲ್ಲಿ ತಗಡಿನ ಶೆಡ್ಡು ಹಾಕಿರುತ್ತವೆ. ಕರ್ನಾಟಕದಲ್ಲಿ ಹಸಿರು ಪಟಾಕಿಗೆ ಮಾತ್ರ ಅವಕಾಶ, ಹಚ್ಚುವುದು ರಾತ್ರಿ 8ರಿಂದ 10ರವರೆಗೆ. ಡಬ್ಬಿಯ ಮೇಲೆ ಕೇಂದ್ರದ ಪರಿಸರ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್-ನೀರಿಯ ಹಸಿರು ಗುರುತು ಮತ್ತು ಕ್ಯೂಆರ್ ಕೋಡ್ ಇರಬೇಕು.

ಊರಿಗೆ ರೈಲಿನಲ್ಲಿ ಮರಳುವವರು ಇದನ್ನು ಗಟ್ಟಿಯಾಗಿ ನೆನಪಿಡಬೇಕು: ಸುರುಸುರು ಬತ್ತಿಯ ಒಂದು ಪೊಟ್ಟಣವೂ ರೈಲಿನಲ್ಲಿ ಒಯ್ಯುವಂತಿಲ್ಲ. ರೈಲ್ವೆ ಕಾಯ್ದೆಯ 164ನೇ ಕಲಮಿನಂತೆ ಮೂರು ವರ್ಷದವರೆಗೆ ಸೆರೆ, ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾಯ್ದೆಯ ಮಾತು ಬದಿಗಿಟ್ಟರೂ, ಕಿಕ್ಕಿರಿದ ಡಬ್ಬಿಯಲ್ಲಿ ಸೀಟಿನ ಕೆಳಗೆ ಮದ್ದು ಇಟ್ಟುಕೊಂಡು ಕೂರುವುದು ಬೇಡ. ಪಟಾಕಿ ನಿಮ್ಮೂರಲ್ಲೇ ಕೊಳ್ಳಿ.

ಎರಡನೇ ಸುತ್ತು: ಹೂ, ಹಣ್ಣು, ಸಿಹಿ

ಹೂವು ಹಣ್ಣಿಗೆ ಜನತಾ ಬಜಾರ್ ಮತ್ತು ದುರ್ಗದ ಬೈಲಿನ ಆಸುಪಾಸು. ಅಮಾವಾಸ್ಯೆಯ ಬೆಳಿಗ್ಗೆ ಬೆಲೆ ನೆತ್ತಿಗೇರಿರುತ್ತದೆ, ಏಕೆಂದರೆ ಮನೆಯವರಷ್ಟೇ ಅಲ್ಲ, ಅಂಗಡಿ ಪೂಜೆಯ ವ್ಯಾಪಾರಸ್ಥರೂ ಅಂದೇ ಕೊಳ್ಳುತ್ತಾರೆ. ಅಂಗಡಿ ಪೂಜೆಯವರು ಹಿಂದಿನ ಸಂಜೆಯೇ ಕೊಂಡಿಡಿ. ಪಾಡ್ಯದ ಪೂಜೆಗಷ್ಟೇ ಬೇಕೆನ್ನುವವರು ಅಮಾವಾಸ್ಯೆ ರಾತ್ರಿ ಏಳರ ಮೇಲೆ ಹೋಗಿ. ಹಳ್ಳಿಗಳಿಂದ ಟೆಂಪೊ ಮಾಡಿಕೊಂಡು ಬಂದ ರೈತರಿಗೆ ಉಳಿದ ಹೂ ವಾಪಸು ಒಯ್ಯುವ ಮನಸ್ಸಿರುವುದಿಲ್ಲ. ಮಳೆ ಬಂದರೆ ಮಾತ್ರ ಈ ಲೆಕ್ಕ ತಪ್ಪುತ್ತದೆ, ತೊಯ್ದ ಹೂ ಅಗ್ಗವಾದರೂ ಬೆಳಗಾಗುವಷ್ಟರಲ್ಲಿ ಕಪ್ಪಾಗುತ್ತದೆ.

ಚೆಂಡು ಹೂವನ್ನು ಬುಡದಲ್ಲಿ, ತೊಟ್ಟಿನ ಹತ್ತಿರ ಒತ್ತಿ ನೋಡಿ. ಗಟ್ಟಿ ಇದ್ದರೆ ಎರಡು ದಿನ ಬಾಳುತ್ತದೆ, ಮೆತ್ತಗಿದ್ದರೆ ನೀರು ಚಿಮುಕಿಸಿ ಎಬ್ಬಿಸಿದ ಹೂ. ಆ ನೀರಿನ ತೂಕಕ್ಕೂ ನೀವೇ ದುಡ್ಡು ಕೊಡುವುದು. ಮಾರಿನ ಲೆಕ್ಕದಲ್ಲಿ ಮಾಲೆ ಕೊಳ್ಳುವಾಗ ಅಳೆಯುವವರ ಕೈ ನೋಡಿ. ಅಂಗಡಿಯಲ್ಲಿ ಹತ್ತು ವರ್ಷದ ಹುಡುಗ ಅಳೆದು ಕೊಟ್ಟರೆ "ತಮ್ಮಾ, ನಿಮ್ಮ ಅಪ್ಪಾರ ಕೈಲೆ ಅಳಸೋ" ಎನ್ನಿ, ಯಾರೂ ತಪ್ಪು ತಿಳಿಯುವುದಿಲ್ಲ. ತಂದ ಹೂವನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡಬೇಡಿ, ಒಳಗೆ ಬೆವರಿ ಕೊಳೆಯುತ್ತದೆ. ಒದ್ದೆ ಅರಿವೆ ಹೊದಿಸಿ ಬುಟ್ಟಿಯಲ್ಲಿಡಿ.

ವೀಳ್ಯದೆಲೆ ಹಾವೇರಿಯವರು ಇಲ್ಲಿ ಕೊಳ್ಳುವುದು ಬೇಡ, ಸವಣೂರಿನ ಎಲೆ ಮನೆ ಬಾಗಿಲಲ್ಲೇ ಇದೆ. ಪಾಡ್ಯಕ್ಕೆ ಸಗಣಿಯಿಂದ ಮಾಡುವ ಹಟ್ಟೆವ್ವನಿಗೆ ಬೇಕಾದ ಉತ್ತರಾಣಿ ಕಡ್ಡಿಯನ್ನೂ ಈಗ ಪೇಟೆಯಲ್ಲಿ ಸಿವುಡು ಕಟ್ಟಿ ಮಾರುತ್ತಾರೆ. ಹೊಲದ ಬದುವಿನಲ್ಲಿ ಪುಕ್ಕಟೆ ಬೆಳೆಯುವುದಕ್ಕೆ ದುಡ್ಡು ಕೊಡುವ ಕಾಲ ಬಂತು, ಏನು ಮಾಡುವುದು.

ಸಿಹಿಯಲ್ಲಿ ನೋಡಬೇಕಾದದ್ದು ಡಬ್ಬಿ. ಖಾಲಿ ಡಬ್ಬಿ 80 ಗ್ರಾಂ ತೂಗುತ್ತದೆ, ಸಿಹಿ ಕಿಲೋಗೆ 600 ರೂಪಾಯಿ ಎಂದುಕೊಳ್ಳಿ. ಡಬ್ಬಿ ಸೇರಿಸಿ ತೂಗಿದರೆ 48 ರೂಪಾಯಿ ರಟ್ಟಿಗೆ ಹೋಯಿತು. ಖಾಲಿ ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿಸಿ, ಆಮೇಲೆ ತುಂಬಿಸಿ. ಖವಾದ ಸಿಹಿ ಹಬ್ಬದ ಹಿಂದಿನ ದಿನ ಮಾತ್ರ. ಮೊದಲೇ ತರಬೇಕಾದರೆ ಬೇಸನ್ ಉಂಡಿ, ಕರದಂಟಿನಂಥ ಗಟ್ಟಿ ಪದಾರ್ಥ ನೋಡಿ. ಬಿಡಿ ಖವಾ ತಂದು ಮನೆಯಲ್ಲಿ ಮಾಡುವವರು ಚಿಟಿಕೆ ಖವಾಕ್ಕೆ ಒಂದು ಹನಿ ಟಿಂಚರ್ ಅಯೋಡಿನ್ ಹಾಕಿ ನೋಡಬಹುದು. ನೀಲಿಗಟ್ಟಿದರೆ ಪಿಷ್ಟ ಬೆರೆಸಿದ್ದಾರೆ. ನೋಡಿದ ಚಿಟಿಕೆಯನ್ನು ಚೆಲ್ಲಿ, ತಿನ್ನಬಾರದು.

ಹಬ್ಬ ಮುಗಿದ ಮೇಲಿನ ಪೇಟೆ: ಸಕ್ಕರೆ ಆರತಿ

ಪಾಡ್ಯ ಮುಗಿದರೆ ಪೇಟೆ ಮುಗಿಯಿತು ಎಂದು ಹೊರಗಿನವರು ತಿಳಿಯುತ್ತಾರೆ. ನಮ್ಮ ಕಡೆ ಅಲ್ಲಿಂದ ಗೌರಿ ಹುಣ್ಣಿಮೆಯವರೆಗೆ ಹದಿನೈದು ದಿನ ಸಕ್ಕರೆ ಗೊಂಬೆಗಳದ್ದೇ ಸಾಲು. ಆನೆ, ಒಂಟೆ, ತೇರು, ಬಸವಣ್ಣ, ಕಳಸ, ಗಿಳಿ. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯವರು ಸೀರೆಯ ಜೊತೆ ಸಕ್ಕರೆ ಆರತಿ ಒಯ್ಯುವ ಮನೆಗಳಲ್ಲಿ ಇದು ಕಿಲೋಗಟ್ಟಲೆ ಬೇಕು.

ಗೊಂಬೆ ತಯಾರಾಗುವ ಬಗೆ ಗೊತ್ತಿದ್ದರೆ ಆರಿಸುವುದು ಸುಲಭ. ನೀರಲ್ಲಿ ನೆನೆಸಿದ ಕಟ್ಟಿಗೆಯ ಅಚ್ಚಿನ ಹೋಳುಗಳನ್ನು ಜೋಡಿಸಿ ಬಿಗಿದು, ಬಿಸಿ ಪಾಕ ಹೊಯ್ಯುತ್ತಾರೆ. ಕೆಲವೇ ನಿಮಿಷದಲ್ಲಿ ಬಿಗಿಯುತ್ತದೆ, ಅಚ್ಚು ಬಿಚ್ಚಿದಾಗ ಹೋಳು ಕೂಡಿದಲ್ಲಿ ಸಣ್ಣ ಏಣು ಉಳಿಯುತ್ತದೆ. ಆ ಏಣು ಸಣ್ಣಗೆ, ನೇರವಾಗಿದ್ದರೆ ಅಚ್ಚು ಹೊಸದು, ಬಿಗಿ ಚೆನ್ನಾಗಿತ್ತು. ದಪ್ಪಗೆ ಪಕಳೆಯಂತೆ ಎದ್ದಿದ್ದರೆ ಪಾಕ ಸೋರಿದೆ, ಆನೆಯ ಸೊಂಡಿಲು, ಒಂಟೆಯ ಕಾಲು ಅಲ್ಲಿಯೇ ಮುರಿಯುತ್ತವೆ. ಮೈ ಮುಟ್ಟಿದರೆ ಸುಣ್ಣದ ಗೋಡೆಯಂತೆ ಒಣ ಒಣ ಇರಬೇಕು. ಜಿಗಿ ಹತ್ತಿದರೆ ಪಾಕ ಎಳೆಯದು, ಇಲ್ಲವೇ ಪಸೆ ಕುಡಿದಿದೆ. ಬಣ್ಣದ ಗೊಂಬೆಯನ್ನು ಒದ್ದೆ ಬೆರಳಿನಿಂದ ಒಮ್ಮೆ ಸವರಿ. ಗಾಢವಾಗಿ ಬೆರಳಿಗೆ ಹತ್ತಿದರೆ ಬಿಳಿಯದನ್ನೇ ಕೊಳ್ಳಿ, ಮಕ್ಕಳು ಕೊನೆಗೆ ತಿನ್ನುವುದು ಅದನ್ನೇ.

ಒಯ್ಯುವಾಗ ರಟ್ಟಿನ ಪೆಟ್ಟಿಗೆಯ ತಳಕ್ಕೆ ಎರಡು ಬೆರಳು ಚುರುಮುರಿ ಹಾಸಿ, ಗೊಂಬೆ ಮಲಗಿಸಿ, ಮೇಲೆ ಮತ್ತೆ ಚುರುಮುರಿ ಸುರಿಯಿರಿ. ಅದು ಹೊಡೆತವನ್ನೂ ತಡೆಯುತ್ತದೆ, ಪಸೆಯನ್ನೂ ತಾನು ಎಳೆದುಕೊಳ್ಳುತ್ತದೆ. ಫ್ರಿಜ್ಜಿನಲ್ಲಿ ಇಡಬೇಡಿ. ಹೊರಗೆ ತೆಗೆದ ಕೂಡಲೇ ಮೈಮೇಲೆ ನೀರಾಡಿ ಗೊಂಬೆಯ ಮೂಗು ಕಣ್ಣು ಕರಗುತ್ತವೆ. ಇರುವೆಗೆ ಪೆಟ್ಟಿಗೆಯನ್ನು ನೀರು ತುಂಬಿದ ತಾಟಿನ ನಡುವೆ ಬಟ್ಟಲು ಬೋರಲು ಹಾಕಿ ಅದರ ಮೇಲಿಡಿ.

ಇಷ್ಟಾದರೂ ಒಂದು ಕಾಲು ಮುರಿದರೆ ಗಾಬರಿ ಬೇಡ. ಎರಡು ಚಮಚ ಸಕ್ಕರೆಗೆ ಒಂದು ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿ ಎಳೆಪಾಕ ದಾಟುವವರೆಗೆ ಕುದಿಸಿ, ಕಡ್ಡಿಯ ತುದಿಯಿಂದ ಎರಡೂ ಕಡೆ ಹಚ್ಚಿ ಒತ್ತಿ ಹಿಡಿಯಿರಿ. ಹತ್ತು ನಿಮಿಷ ಅಲುಗಿಸಬಾರದು. ಆರತಿ ತಟ್ಟೆಯಲ್ಲಿ ಇಡುವಾಗ ಆ ಕಾಲನ್ನು ಒಳಮಗ್ಗುಲಿಗೆ ತಿರುಗಿಸಿಡಿ, ಬೀಗರ ಕಣ್ಣಿಗೆ ಬೀಳುವುದಿಲ್ಲ.